ಯಜಮಾನರು ಆಡದ ಮಾತು

ನಮ್ಮ ಡನ್ನಾಕ್ ಊರಿನಲ್ಲಿ ಆರ್ಲೋ ಸ್ಟೆಬಿನ್ಸ್ ಮಾತಾಡಿದರೆ ಯಾರೂ ಕಿವಿಗೊಡುತ್ತಿರಲಿಲ್ಲ. ಅದೇ ಆರ್ಲೋ ಕಂದು ಮಖಮಲ್ಲಿನ ಕೋಟು ತೊಟ್ಟು, ತಲೆಗೆ ಬಿಳಿ ಕೂದಲಿನ ಟೋಪನ್ ಸಿಕ್ಕಿಸಿ, ಬೆಳ್ಳಿ ಹಿಡಿಯ ಕೋಲನ್ನು ನೆಲಕ್ಕೆ ಕುಟ್ಟಿದನೆಂದರೆ ನಿಂಬೆ ಪಾನಕ ಹೀರುತ್ತಿದ್ದ ಮಕ್ಕಳು ಕೂಡ ಹೀರುವುದನ್ನು ನಿಲ್ಲಿಸಿ ನೋಡುತ್ತಿದ್ದವು. ಮೊದಲನೆಯವನು ಮನೆಮನೆಯ ನೆಲಮಾಳಿಗೆಗೆ ಇಳಿದು, ಚಳಿಗೆ ಮನೆ ಬೆಚ್ಚಗಿಡುವ ಬಾಯ್ಲರ್ ರಿಪೇರಿ ಮಾಡುವ ಆಸಾಮಿ. ಎರಡನೆಯವರು ಈ ದೇಶವನ್ನು ಕಟ್ಟಿದ ಹಿರಿಯರಲ್ಲಿ ಒಬ್ಬರಾದ ಜೋಥಮ್ ಹಾಲಿಸ್ಟರ್.

‘ಹಿರಿಯರಲ್ಲಿ ಒಬ್ಬರು’ ಅನ್ನುವುದು ನಮ್ಮೂರಿನ ಮಾತು. ನದಿ ದಾಟಿದರೆ ಆ ಹೆಸರು ಯಾರಿಗೂ ಗೊತ್ತಿಲ್ಲ. ನಾವು ಮಾತ್ರ ಅವರನ್ನು ಹೆಸರು ಹಿಡಿದು ಕೂಡ ಕರೆಯುವುದಿಲ್ಲ, ಬರೀ ‘ಯಜಮಾನರು’ ಅನ್ನುತ್ತೇವೆ. ಹೊಸ ಸಂವಿಧಾನ ಬರೆಯಲು ಫಿಲಡೆಲ್ಫಿಯಾದಲ್ಲಿ ಸೇರಿದ್ದ ಸಭೆಗೆ ಯಜಮಾನರು ನಮ್ಮ ನ್ಯೂ ಹ್ಯಾಂಪ್‌ಶೈರ್ ಕಡೆಯಿಂದ ಹೊರಟಿದ್ದರು. ಹೊರಟದ್ದಂತೂ ನಿಜ. ತಲುಪುವ ಹೊತ್ತಿಗೆ ಸಹಿಗಳೆಲ್ಲ ಮುಗಿದು, ಶಾಯಿ ಒಣಗಿ, ಸದಸ್ಯರು ಊರು ಸೇರುವ ದಾರಿ ಹಿಡಿದಿದ್ದರು. ಬಾಗಿಲಲ್ಲಿ ಕಸ ಗುಡಿಸುತ್ತಿದ್ದವನೊಬ್ಬ “ಏನಾದರೂ ಮರೆತು ಬಿಟ್ಟುಹೋಗಿದ್ದಿರಾ ಸ್ವಾಮಿ?” ಎಂದು ಕೇಳಿದನಂತೆ.

ಆ ಪ್ರಶ್ನೆಗೆ ತಕ್ಕ ಉತ್ತರ ಹುಡುಕುವುದರಲ್ಲೇ ಯಜಮಾನರ ಉಳಿದ ಆಯುಷ್ಯ ಕಳೆಯಿತು. ಅದರ ಫಲವಾಗಿ ಹುಟ್ಟಿದ್ದು ಅವರ ಸಮಗ್ರ ಬರಹ. ಒಂದೇ ಸಂಪುಟ, ಆದರೆ ಅದನ್ನು ಬಾಗಿಲಿಗೆ ಒತ್ತುಕೊಟ್ಟರೆ ಎಂಥ ಗಾಳಿಗೂ ಬಾಗಿಲು ಮುಚ್ಚಿಕೊಳ್ಳುವುದಿಲ್ಲ. ಜೌಗು ನೆಲದಿಂದ ನೀರು ಬಸಿಯುವುದು ಹೇಗೆ, ಕಾಕಂಬಿಯ ಮೇಲೆ ಸುಂಕ ಯಾಕೆ ಕೂಡದು, ಸ್ವಾತಂತ್ರ್ಯ ಉಳಿಸಿಕೊಳ್ಳಲು ಪ್ರಜೆಗಳು ಯಾಕೆ ಬೇಗ ಏಳಬೇಕು, ಇಂಥವು. ನಾನು ನಮ್ಮೂರಿನ ವಾರಪತ್ರಿಕೆಗೆ ನಗೆಬರಹ ಬರೆಯುವವನು. ಇಷ್ಟು ವರ್ಷದಲ್ಲಿ ಆ ಸಂಪುಟದಿಂದ ಒಂದೇ ಒಂದು ಸಾಲನ್ನೂ ಎತ್ತಿಕೊಳ್ಳಲು ನನ್ನಿಂದಾಗಿಲ್ಲ. ನನ್ನ ಬರಹವನ್ನು ಓದುವವರು ಯಜಮಾನರಿಗೂ ನನಗೂ ಆ ವಿಷಯದಲ್ಲಿ ಹೋಲಿಕೆ ಇದೆ ಅನ್ನುತ್ತಾರೆ.

ಇನ್ನು ಆ ತಡ. ಯಜಮಾನರು ತಮ್ಮ ತಡಕ್ಕೆ ಕಾರಣ ಕೊಟ್ಟಿರುವುದು ಹೀಗೆ: ‘ದಾರಿಯ ಸ್ಥಿತಿಯಿಂದಲೂ ದೇಹದ ಸ್ಥಿತಿಯಿಂದಲೂ ವಿಳಂಬವಾಯಿತು.’ ಇದನ್ನು ಹಿಡಿದುಕೊಂಡು ಊರಿನಲ್ಲಿ ಎರಡು ಪಂಗಡಗಳಾಗಿವೆ. ದೇಹ ಅಂದರೆ ಕುದುರೆಯದು, ಅದರ ಕಾಲು ಕುಂಟಾಯಿತು ಅನ್ನುವವರು ಒಂದು ಕಡೆ. ಅದೇ ಪುಸ್ತಕದಲ್ಲಿ ಎರಡು ಪುಟ ಹಿಂದೆ ನ್ಯೂ ಜೆರ್ಸಿಯ ಒಂದು ಛತ್ರದ ಮರಸೇಬು ಹಣ್ಣುಗಳನ್ನು ಯಜಮಾನರು ಬಾಯ್ತುಂಬ ಹೊಗಳಿರುವುದನ್ನು ತೋರಿಸಿ, ಹೊಟ್ಟೆ ಕೆಟ್ಟಿತು ಅನ್ನುವವರು ಇನ್ನೊಂದು ಕಡೆ. ದೇಶದ ಸಂವಿಧಾನಕ್ಕೆ ನಮ್ಮೂರಿನ ಸಹಿ ತಪ್ಪಿದ್ದು ಕುದುರೆಯಿಂದಲೋ ಭೇದಿಯಿಂದಲೋ ಅನ್ನುವುದು ಹೊರಗಿನವರಿಗೆ ನಗು. ನಮಗೆ ಅದು ಎರಡು ಶತಮಾನದ ಅವಮಾನ.

ಆರ್ಲೋ ಕುದುರೆ ಪಂಗಡದವನು. ಪಂಗಡದವನು ಅಂದರೆ ಸಾಲದು, ಆ ಕುದುರೆಯನ್ನು ಸಾಕಿದವನೇ ಅವನು. ಸ್ವಾತಂತ್ರ್ಯ ದಿನವಾದ ಜುಲೈ ನಾಲ್ಕರಂದು ಊರ ಹಸಿರು ಬಯಲಿನಲ್ಲಿ ಯಜಮಾನರ ವೇಷ ಹಾಕುತ್ತಿದ್ದ ಹಿಂದಿನವರು ತೀರಿಕೊಂಡಾಗ ಕೋಟಿನ ಅಳತೆ ಸರಿಹೋದದ್ದು ಇವನಿಗೊಬ್ಬನಿಗೇ. ಆ ಕಾರಣಕ್ಕೆ ಸಿಕ್ಕಿದ ಪಾತ್ರವನ್ನು ಅವನು ದೀಕ್ಷೆಯ ಹಾಗೆ ತೆಗೆದುಕೊಂಡ. ಸಮಗ್ರ ಬರಹವನ್ನು ಮೊದಲಿನಿಂದ ಕೊನೆಯವರೆಗೆ ಓದಿದ. ನನಗೆ ತಿಳಿದಂತೆ ಹಾಗೆ ಓದಿದ ಜೀವಂತ ಮನುಷ್ಯ ಅವನೊಬ್ಬನೇ. ಪುಸ್ತಕದಲ್ಲಿ ಹೆಸರೇ ಇಲ್ಲದ ಆ ಕುದುರೆಗೆ ತಾನೇ ‘ಟ್ರೂಮನ್’ ಎಂದು ಹೆಸರಿಟ್ಟ. ಯಾವ ಗೊರಸಿಗೆ ಯಾವ ಕಲ್ಲು ತಾಗಿತು ಎಂದು ವಿವರಿಸುವಾಗ ಮುದುಕಿಯರ ಕಣ್ಣು ತೇವವಾಗುತ್ತಿತ್ತು.

ಕೋಟಿಗೊಂದು ನಿಯಮವಿದೆ. ತೊಟ್ಟ ಮೇಲೆ ಬಿಚ್ಚುವವರೆಗೆ ಯಜಮಾನರಾಗಿಯೇ ಇರಬೇಕು, ನಡುವೆ ಹೊರಬರಕೂಡದು. ಯಾರಾದರೂ ಕಾರು ತೋರಿಸಿದರೆ “ಕುದುರೆ ಎಲ್ಲಮ್ಮಾ?” ಅನ್ನಬೇಕು. ಪ್ರಶ್ನೆ ಏನೇ ಬರಲಿ, ಗೊತ್ತಿಲ್ಲ ಅನ್ನಬಾರದು. ಆರ್ಲೋ ಈ ನಿಯಮವನ್ನು ಒಮ್ಮೆಯೂ ಮುರಿದವನಲ್ಲ. ಅವನಿಗೆ ಅದು ಕಷ್ಟವಾಗಿಯೂ ಇರಲಿಲ್ಲ. ವರ್ಷವೆಲ್ಲ ಮಸಿ ಮೆತ್ತಿದ ಕೈಯಲ್ಲಿ ಹಿಂಬಾಗಿಲಿನಿಂದ ಒಳಹೋಗುವವನು, ಒಂದು ದಿನ ಮುಂಬಾಗಿಲಿನಿಂದ ಹೊರಬರುತ್ತಿದ್ದ.

ಅವನ ಹೆಂಡತಿ ನೆಟ್ಟಿ ಶಾಲೆಯ ಅಡುಗೆಮನೆಯಲ್ಲಿ ದುಡಿದು ನಿವೃತ್ತಳಾದವಳು. ಊರಿನ ಅರ್ಧ ಜನ ಚಿಕ್ಕಂದಿನಲ್ಲಿ ಅವಳ ಕೈಯಲ್ಲಿ ಉಂಡವರೇ. ಯಾರು ತರಕಾರಿಯನ್ನು ಮೇಜಿನಡಿ ಬಿಸಾಡುತ್ತಿದ್ದರು ಎಂಬುದು ಅವಳಿಗೆ ಇನ್ನೂ ನೆನಪಿದೆ. ಹೀಗಾಗಿ ಅವಳೆದುರು ಯಾರೂ ಹೆಚ್ಚು ದೊಡ್ಡಸ್ತಿಕೆ ತೋರಿಸುವುದಿಲ್ಲ. “ನಮ್ಮನೇಲಿ ಇಬ್ಬರು ಗಂಡಸರು,” ಅನ್ನುತ್ತಿದ್ದಳು ಅವಳು. “ಒಬ್ಬನಿಗೆ ಬುದ್ಧಿ ಹೇಳಬಹುದು. ಇನ್ನೊಬ್ಬ ಸತ್ತು ಇನ್ನೂರು ವರ್ಷ ಆಯ್ತು. ಯಾವಾಗ ಯಾವನ ಹತ್ರ ಮಾತಾಡ್ತಿದೀನಿ ಅನ್ನೋದೇ ಗೊತ್ತಾಗಲ್ಲ.”

ಪಕ್ಕದ ಮನೆಯಲ್ಲಿದ್ದವನು ಆಲ್ಸಿಡ್ ತಿಬೋ. ಜವಳಿ ಗಿರಣಿಯಲ್ಲಿ ಕೆಲಸ ಮಾಡಿದ ಫ್ರೆಂಚ್ ಮನೆತನದವನು, ಹೆಂಡತಿ ತೀರಿಕೊಂಡವನು, ಹುಟ್ಟಾ ತುಂಟ. ಜುಲೈ ನಾಲ್ಕರ ಆಟದಲ್ಲಿ ಅವನು ಕೆಂಪು ಕೋಟು ತೊಟ್ಟ ಬ್ರಿಟಿಷ್ ಸುಂಕದವನು. ಅವನಿಗಿದ್ದದ್ದು ಒಂದೇ ಮಾತು: “ಸುಂಕ ಕಟ್ಟು, ಹಾಲಿಸ್ಟರ್.” ಅದಕ್ಕೆ ಯಜಮಾನರು ಕೋಲು ಕುಟ್ಟಿ ಕಾಕಂಬಿಯ ಬಗ್ಗೆ ಒಂದು ಪುಟದಷ್ಟು ಉತ್ತರ ಕೊಡುತ್ತಿದ್ದರು. ಒಂದು ವರ್ಷ ಸೆಕೆ ಜಾಸ್ತಿಯಿತ್ತು, ಜನ ಬೀಸಣಿಗೆ ಬೀಸಿಕೊಳ್ಳುತ್ತ ಆಕಳಿಸುತ್ತಿದ್ದರು. ಕಾಕಂಬಿಯ ಮಧ್ಯದಲ್ಲಿ ತಿಬೋ ಬಾಯಿ ಹಾಕಿದ.

“ಅದಿರಲಿ ಯಜಮಾನರೇ, ಸಹಿ ಹಾಕೋಕೆ ಹೋದವರು ದಾರೀಲಿ ಎಷ್ಟು ಮರಸೇಬು ತಿಂದ್ರಿ?”

ಸಹಿಯ ಕಾಲಕ್ಕೆ ಕೆಂಪು ಕೋಟಿನವರು ತಮ್ಮ ದೇಶಕ್ಕೆ ಹಡಗು ಹತ್ತಿ ನಾಲ್ಕು ವರ್ಷವಾಗಿತ್ತು. ಆದರೆ ನಗುವವರಿಗೆ ಇತಿಹಾಸದ ಹಂಗಿಲ್ಲ. ಇಡೀ ಬಯಲು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಬ್ಯಾಂಡಿನವನೊಬ್ಬ ತುತ್ತೂರಿಯಲ್ಲಿ ಅದಕ್ಕೆ ತಕ್ಕ ಸದ್ದನ್ನೂ ಹೊರಡಿಸಿದ. ನಾನೂ ನಕ್ಕೆ. ನಾನು ಕುರ್ಚಿ ಜೋಡಿಸುವ ಸಮಿತಿಯವನು, ಆ ಸಮಿತಿಯವರು ನಗಬಾರದು ಎಂದೇನಿರಲಿಲ್ಲ. ಆರ್ಲೋ ಕೋಟಿನೊಳಗೆ ಸಿಕ್ಕಿಬಿದ್ದಿದ್ದ. ಹೊರಬಂದು ಬೈಯುವಂತಿಲ್ಲ, ಒಳಗಿದ್ದು ಉತ್ತರವಿಲ್ಲ. ಆಟ ಮುಗಿದು, ಬಯಲಿನಂಚಿನ ಗ್ರಂಥಾಲಯದ ಹಿಂದೆ ಟೋಪನ್ ಕಿತ್ತು ಕೈಯಲ್ಲಿ ಹಿಡಿದ ಮೇಲೆ ಮಾತು ಬಂತು.

“ಇವತ್ತಿಂದ ನೀನು ನನ್ನ ಮುಖ ನೋಡಬೇಡ, ಆಲ್ಸಿಡ್.”

“ಯಾರ ಮುಖ ಮಾರಾಯ, ನಿಂದಾ ಯಜಮಾನರದಾ?”

ಅಲ್ಲಿಗೆ ಮಾತು ನಿಂತಿತು. ಎರಡು ಮನೆಗಳ ನಡುವೆ ಇದ್ದದ್ದು ಒಂದು ಗಾಡಿ ನಿಲ್ಲಿಸುವಷ್ಟು ಜಾಗ. ಇಬ್ಬರೂ ಬೆಳಗ್ಗೆ ಹಿಮ ಗೋರುವಾಗ ಬೆನ್ನಿಗೆ ಬೆನ್ನು ಹಾಕಿ ಗೋರುತ್ತಿದ್ದರು. ಒಬ್ಬರ ಸಲಿಕೆಯ ಹಿಮ ಇನ್ನೊಬ್ಬರ ಕಡೆ ಬೀಳದ ಹಾಗೆ ಅಷ್ಟು ಜಾಗರೂಕತೆಯಿಂದ ಗೋರಿದ್ದನ್ನು ನಾನು ಇನ್ನೆಲ್ಲೂ ಕಂಡಿಲ್ಲ.

ಆ ಜನವರಿಯ ಒಂದು ಭಾನುವಾರ ಮಂಜುಗಡ್ಡೆಯ ಮಳೆ ಸುರಿಯಿತು. ಮರದ ಕೊಂಬೆಗಳು ಗಾಜಿನ ಹಾಗೆ ಮುರಿದು ಬೀಳುತ್ತಿದ್ದವು, ರಸ್ತೆಗಳೆಲ್ಲ ಬಂದ್. ಮಧ್ಯಾಹ್ನ ನೆಟ್ಟಿ ಪಾತ್ರೆ ತೊಳೆಯುತ್ತ ಕಿಟಕಿಯಾಚೆ ನೋಡಿದಳು.

“ತಿಬೋ ಮನೆ ಚಿಮಣೀಲಿ ಹೊಗೆ ಇಲ್ಲ. ಬಾಯ್ಲರ್ ಆರಿಹೋಗಿದೆ.”

ಆರ್ಲೋ ಕುರ್ಚಿಯಲ್ಲಿ ಕೂತು ಪತ್ರಿಕೆ ನೋಡುತ್ತಿದ್ದ. “ಕಂಪನಿಗೆ ಫೋನ್ ಮಾಡಿರ್ತಾನೆ.”

“ಕಂಪನಿಯವರು ಈ ರಸ್ತೇಲಿ ಹೆಂಗೆ ಬರ್ತಾರೆ? ಓವರ್‌ಕೋಟು ಹಾಕ್ಕೊಂಡು ಅಡುಗೆಮನೇಲಿ ಓಡಾಡ್ತಿದಾನೆ ನೋಡು, ಪಾಪ.”

“ನನಗೆ ಫೋನ್ ಮಾಡಲಿ. ನಂಬರ್ ಗೊತ್ತಿಲ್ವಾ ಅವನಿಗೆ?”

“ಮಾಡಲ್ಲ. ನೀನಾದ್ರೆ ಮಾಡ್ತಿದ್ಯಾ?”

“ದೇಶದ ಹಿರಿಯರಿಗೆ ಭೇದಿ ಅಂತ ಊರ ಮುಂದೆ ಸಾರಿದವನ ಮನೆಗೆ ನಾನಾಗಿ ಹೋಗಬೇಕಾ?”

ನೆಟ್ಟಿ ಕೈ ಒರೆಸಿಕೊಂಡು ಅವನ ಮುಂದೆ ನಿಂತಳಂತೆ. “ಪಕ್ಕದ ಮನೆ ಒಲೆ ಆರಿದೆ ಕಣೋ. ಮೊದಲು ಹೋಗಿ ಬೆಂಕಿ ಕೊಟ್ಟು ಬಾ. ಜಗಳ ಆಮೇಲೆ ಆಡಿದರಾಯ್ತು, ಅದೇನು ಹಳಸಿ ಹೋಗಲ್ಲ.”

ಅವನು ಪತ್ರಿಕೆಯ ಹಾಳೆ ತಿರುವಿದ. ಅದರಲ್ಲಿ ನನ್ನ ನಗೆಬರಹವಿತ್ತು. ಅದನ್ನೇ ಓದುತ್ತ ಕೂತಿದ್ದೆ ಎಂದು ಮರುವರ್ಷ ಅವನು ನನಗೆ ಹೇಳಿದಾಗ, ಬರೆದದ್ದಕ್ಕೆ ನನಗೆ ಮೊದಲ ಸಲ ನಾಚಿಕೆಯಾಯಿತು.

ಕತ್ತಲಾಗುವ ಮುಂಚೆ ತಿಬೋನ ಮಗಳು ಚಕ್ರಕ್ಕೆ ಸರಪಳಿ ಕಟ್ಟಿದ ಗಾಡಿಯಲ್ಲಿ ಬಂದು ಅಪ್ಪನನ್ನು ಕರೆದೊಯ್ದಳು. ಮನೆ ತಣ್ಣಗೆ ಕೂತಿತು. ಕೊಳಾಯಿಗಳಲ್ಲಿದ್ದ ನೀರು ಹೆಪ್ಪುಗಟ್ಟಿ ಕೊಳಾಯಿ ಒಡೆಯಿತು, ನೆಲವೆಲ್ಲ ನೀರಾಗಿ ಆ ನೀರೂ ಹೆಪ್ಪುಗಟ್ಟಿತು. ತಿಬೋ ವಾಪಸು ಬಂದದ್ದು ವಸಂತಕ್ಕೆ. ಬಂದವನು ಮೊದಲು ಹೊರಗೆ ತಂದಿಟ್ಟದ್ದು ಒಂದು ಜಮಖಾನೆ. ಅವನ ಹೆಂಡತಿ ಮನೆಯವರೆಲ್ಲರ ಹಳೆಯ ಬಟ್ಟೆಗಳನ್ನು ಸೀಳಿ, ಜಡೆಯ ಹಾಗೆ ಹೆಣೆದು, ದುಂಡಗೆ ಹೊಲಿದದ್ದು. ಬೂಸ್ಟು ಹಿಡಿದು ಕಪ್ಪಾಗಿತ್ತು. ಅದನ್ನು ಕಸದ ಗಾಡಿಗೆಂದು ರಸ್ತೆಯಂಚಿನಲ್ಲಿ ಮಡಿಸಿಟ್ಟು ಒಳಗೆ ಹೋದ. ಆ ವಾರವೆಲ್ಲ ಆರ್ಲೋ ಕೆಲಸಕ್ಕೆ ಹೋಗಲು ಹಿಂದಿನ ಓಣಿ ಹಿಡಿದ. ಯಾರೂ ಅವನನ್ನು ಏನೂ ಅನ್ನಲಿಲ್ಲ. ಊರಿಗೆ ಗೊತ್ತಿದ್ದದ್ದು ಮಂಜುಗಡ್ಡೆಯ ಮಳೆ ತಿಬೋ ಮನೆ ಕೆಡಿಸಿತು ಎಂದಷ್ಟೇ.

ಜುಲೈ ಬಂತು. ತಿಬೋ ಕೆಂಪು ಕೋಟನ್ನು ಸಮಿತಿಗೆ ಹಿಂದಿರುಗಿಸಿ, ಕೊನೆಯ ಸಾಲಿನ ಹಿಂದೆ ತನ್ನ ಮಡಚುವ ಕುರ್ಚಿ ಹಾಕಿಕೊಂಡು ಕೂತಿದ್ದ. ಸುಂಕದವನಿಲ್ಲದೆ ಕಾಕಂಬಿ ಬೇಗ ಮುಗಿಯಿತು. ಪ್ರಶ್ನೆ ಕೇಳುವ ಹೊತ್ತು. ಹೊರಗಿನಿಂದ ಬಂದಿದ್ದ ಒಂದು ಹುಡುಗಿ ಐಸ್‌ಕ್ರೀಮು ಹಿಡಿದ ಕೈಯನ್ನೇ ಎತ್ತಿದಳು.

“ನೀವು ಹೇಳಿರೋ ಫೇಮಸ್ ಮಾತು ಯಾವುದು?”

ಇಷ್ಟು ವರ್ಷ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ, ನಮ್ಮೂರಿನವರಿಗೆ ಕೇಳಬಾರದೆಂಬ ಸಂಕೋಚವಿತ್ತು. ಆರ್ಲೋ ಸಮಗ್ರ ಬರಹವನ್ನೆಲ್ಲ ಮನಸ್ಸಿನಲ್ಲೇ ತಡಕಾಡಿದ. ಜೌಗು ನೆಲ ಬಂತು, ಬೇಗ ಏಳುವುದು ಬಂತು. ಐಸ್‌ಕ್ರೀಮು ಕರಗುತ್ತಿತ್ತು. ಗೊತ್ತಿಲ್ಲ ಅನ್ನುವಂತಿಲ್ಲ. ಆರು ತಿಂಗಳಿಂದ ಅವನ ತಲೆಯೊಳಗೆ ಗುಂಯ್‌ಗುಟ್ಟುತ್ತಿದ್ದದ್ದು ಒಂದೇ ಒಂದು ಮಾತು. ಬಾಯಿ ತೆರೆದಾಗ ಅದೇ ಹೊರಬಂತು, ಯಜಮಾನರ ಗಂಭೀರ ಕಂಠದಲ್ಲಿ:

“ನೆರೆಮನೆಯ ಒಲೆ ಆರಿದರೆ ಮೊದಲು ಬೆಂಕಿ ಕೊಡು ಮಗಳೇ. ಜಗಳ ಆಮೇಲೆ ಆಡಿದರಾಯಿತು, ಅದು ಹಳಸುವುದಿಲ್ಲ.”

ಬಯಲಿಗೆ ಬಯಲೇ ಎದ್ದು ನಿಂತು ಚಪ್ಪಾಳೆ ತಟ್ಟಿತು. ಎರಡು ಶತಮಾನದಲ್ಲಿ ಯಜಮಾನರು ಆಡಿದ ಮೊದಲ ಒಳ್ಳೆಯ ಮಾತು. ಆ ಚಪ್ಪಾಳೆಯ ನಡುವೆ ಆರ್ಲೋಗೆ ಕಂಡದ್ದು ಎರಡು ಮುಖ. ಪಾನಕದ ಮೇಜಿನ ಹಿಂದೆ ನಿಂತಿದ್ದ ನೆಟ್ಟಿಯದು ಒಂದು. ಅವಳು ಸೌಟನ್ನು ಎತ್ತಿದವಳು ಎತ್ತಿದ ಹಾಗೇ ಇದ್ದಳು. ಕೊನೆಯ ಸಾಲಿನ ಹಿಂದೆ ತಿಬೋನದು ಇನ್ನೊಂದು. ಅವನು ಕುರ್ಚಿ ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಮನೆ ಕಡೆ ಹೊರಟಿದ್ದ.

ಮುಂದಿನದು ಆರ್ಲೋನ ಕೈಮೀರಿತು. ಪತ್ರಿಕೆಯಲ್ಲಿ ಅಚ್ಚಾಯಿತು (ಅಂದರೆ ನಾನು ಬರೆದೆ, ಹೊಗಳಿಯೇ ಬರೆದೆ). ಗ್ರಂಥಾಲಯದವರು ಅದನ್ನು ಕಾಫಿ ಲೋಟದ ಮೇಲೆ ಬರೆಸಿದರು, ಪಾತ್ರೆ ಒರೆಸುವ ಬಟ್ಟೆಯ ಮೇಲೆ ಮುದ್ರಿಸಿದರು. ಪಾದ್ರಿ ಅದರ ಮೇಲೆ ಪ್ರವಚನ ಮಾಡಿದರು. ಬಾಯ್ಲರ್ ನೋಡಲು ಹೋದ ಮನೆಗಳಲ್ಲೆಲ್ಲ ಆರ್ಲೋಗೆ ಆ ಲೋಟದಲ್ಲೇ ಕಾಫಿ. ಅಕ್ಷರಗಳು ಕಾಣದ ಹಾಗೆ ಅಂಗೈಯಲ್ಲಿ ಮುಚ್ಚಿಕೊಂಡು ಕುಡಿಯುವುದನ್ನು ಕಲಿತ, ಬೆರಳು ಸುಟ್ಟುಕೊಂಡ.

ನೆಟ್ಟಿ ಒಂದು ಬಟ್ಟೆ ಕೊಂಡುತಂದು ಒಲೆಯ ಹಿಡಿಗೆ ನೇತುಹಾಕಿದಳು. ಅದರಲ್ಲೇ ತಟ್ಟೆ ಒರೆಸಿದಳು, ಒಗೆದಳು, ಇಸ್ತ್ರಿ ಮಾಡಿ ಮತ್ತೆ ಅಲ್ಲೇ ತೂಗಿದಳು. ಆರ್ಲೋ ಕೈ ತೊಳೆದರೆ ಷರಾಯಿಗೆ ಒರೆಸಿಕೊಳ್ಳುತ್ತಿದ್ದ.

“ಬಟ್ಟೆ ಇದೆಯಲ್ಲ,” ಅನ್ನುತ್ತಿದ್ದಳು.

“ಪರವಾಗಿಲ್ಲ.”

“ಯಜಮಾನರ ಮಾತು ಅಂತ ಸಂಕೋಚವೇನೋ.”

ಚಳಿಗಾಲದ ಕೊನೆಗೆ ಊರ ಸಭೆಯ ಕಾರ್ಯಸೂಚಿ ಬಾಗಿಲಿಗೆ ಬಂತು. ರಸ್ತೆ, ಶಾಲೆ, ಹಿಮ ತೆಗೆಯುವ ಗಾಡಿ, ಅವುಗಳ ಕೆಳಗೆ ಒಂದು ಹೊಸ ವಿಷಯ: ಯಜಮಾನರ ಸುಪ್ರಸಿದ್ಧ ವಾಕ್ಯವನ್ನು ಗ್ರಾನೈಟ್ ಕಲ್ಲಿನಲ್ಲಿ ಕೆತ್ತಿಸಿ ನಿಲ್ಲಿಸುವುದು. ಆರ್ಲೋ ಆ ಕಾಗದ ಹಿಡಿದು ನಮ್ಮ ಮನೆಗೆ ಬಂದ. ಅಂದೇ ನನಗೆ ಎಲ್ಲವನ್ನೂ ಹೇಳಿದ್ದು.

“ಲೋಟ ಒಡೆಯುತ್ತೆ, ಬಟ್ಟೆ ಹರಿಯುತ್ತೆ,” ಅಂದ. “ಅದನ್ನೇ ಕಾಯ್ತಿದ್ದೆ ನಾನು. ಕಲ್ಲು ಆದ್ರೆ ಏನು ಮಾಡಲಿ? ನಾನು ಸತ್ತ ಮೇಲೂ ಆಲ್ಸಿಡ್ ದಿನಾ ಅದರ ಮುಂದೆ ಹಾದು ಹೋಗಬೇಕು.”

“ಸಮಿತಿಗೆ ಒಂದು ಮಾತು ಹೇಳಿದ್ರೆ ಸದ್ದಿಲ್ಲದೆ ಕೈಬಿಡ್ತಾರೆ,” ಅಂದೆ. ಸದ್ದಿಲ್ಲದೆ ಕೈಬಿಡುವುದರಲ್ಲಿ ನನಗೆ ಅನುಭವವಿದೆ.

“ಸದ್ದು ಮಾಡಿಯೇ ಹೇಳಿದ್ದು ನಾನು. ಬಯಲಿನ ತುಂಬ,” ಅಂದ ಆರ್ಲೋ.

ಸಭೆ ಶಾಲೆಯ ಆಟದ ಹಜಾರದಲ್ಲಿ. ಬೂಟುಗಳ ಕೆಸರು, ಒದ್ದೆ ಉಣ್ಣೆಯ ವಾಸನೆ, ಪಕ್ಕದ ಅಡುಗೆಮನೆಯ ಕಿಂಡಿಯಿಂದ ಬೇಯಿಸಿದ ಬೀನ್ಸಿನ ಘಮ. ಮಧ್ಯಾಹ್ನದ ಊಟ ಹೆಂಗಸರ ಸಂಘದ್ದು, ಸಂಘ ಅಂದರೆ ನೆಟ್ಟಿ. ಅಧ್ಯಕ್ಷೆ ಲೂಯೆಲಾ ಪ್ರೆಸ್ಬಿ. ಅವಳೆದುರು ಸ್ವಂತ ಗಂಡನೂ ಎದ್ದುನಿಂತು ಹೆಸರು, ಬೀದಿ ಹೇಳಿಯೇ ಮಾತಾಡಬೇಕು. ಕಲ್ಲಿನ ವಿಷಯ ಬಂದಾಗ ಮೊದಲು ಎದ್ದವನು ಬೆಂಕಿ ಆರಿಸುವ ದಳದ ಮುಖ್ಯಸ್ಥ.

“ಕಲ್ಲು ನಮ್ಮ ಕಟ್ಟಡದ ಮುಂದೆ ಬೇಡ ಅಂತ ನನ್ನ ವಿನಂತಿ. ‘ಮೊದಲು ಬೆಂಕಿ ಕೊಡು’ ಅಂತ ಬರೆದಿರೋ ಕಡೆಯಿಂದ ನಾವು ಬೆಂಕಿ ಆರಿಸೋಕೆ ಹೊರಟರೆ ಜನ ಏನಂದ್ಕೋತಾರೆ?”

ಜನ ನಕ್ಕರು. ಹಾಗಾದರೆ ಗ್ರಂಥಾಲಯದ ಮುಂದೆ ಎಂದಾಯಿತು. ಇನ್ನೇನು ಮತಕ್ಕೆ ಹಾಕಬೇಕು, ನನ್ನ ಪಕ್ಕದ ಕುರ್ಚಿ ಕಿರ್ರೆಂದಿತು. ಆರ್ಲೋ ಎದ್ದಿದ್ದ.

“ಹೆಸರು, ಬೀದಿ,” ಅಂದಳು ಲೂಯೆಲಾ.

“ಲೂಯೆಲಾ, ನಿನ್ನೆ ತಾನೆ ನಿಮ್ಮನೆ ಬಾಯ್ಲರ್ ನೋಡಿದ್ದೀನಿ.”

“ಹೆಸರು, ಬೀದಿ.”

“ಆರ್ಲೋ ಸ್ಟೆಬಿನ್ಸ್. ಟ್ಯಾನರಿ ಬೀದಿ.” ಹಿಂದಿನಿಂದ ಯಾರೋ ಕೂಗಿದರು: “ಯಜಮಾನರ ದನೀಲಿ ಹೇಳೋ ಆರ್ಲೋ, ಇಲ್ಲಿಗೆ ಕೇಳಿಸ್ತಿಲ್ಲ.”

ಅವನು ಗಂಟಲು ಸರಿಮಾಡಿಕೊಂಡ. ಕೋಟಿಲ್ಲದ ಆರ್ಲೋನ ದನಿ ಅಷ್ಟು ತೆಳ್ಳಗಿದೆ ಎಂದು ನಾನೂ ಗಮನಿಸಿರಲಿಲ್ಲ. “ಆ ಮಾತು ಯಜಮಾನರದಲ್ಲ. ಪುಸ್ತಕದಲ್ಲಿ ಎಲ್ಲೂ ಇಲ್ಲ. ಆ ಹುಡುಗಿ ಕೇಳಿದಾಗ ಬಾಯಿಗೆ ಬಂದದ್ದು ಹೇಳಿಬಿಟ್ಟೆ.”

“ಹಾಗಾದ್ರೆ ನಿಂದೇ?” ಅಂದಳು ಅಧ್ಯಕ್ಷೆ.

“ನನ್ನದೂ ಅಲ್ಲ. ನೆಟ್ಟಿದು.”

ಹಜಾರಕ್ಕೆ ಇದು ಗಂಡನ ಪ್ರೀತಿಯಂತೆ ಕೇಳಿಸಿತು. ಒಂದಿಬ್ಬರು ಚಪ್ಪಾಳೆಯನ್ನೂ ತಟ್ಟಿದರು. ಆರ್ಲೋ ಆ ಚಪ್ಪಾಳೆ ನಿಲ್ಲಿಸಲು ಕೈ ಎತ್ತಿದ, ಅದು ವಿನಯದಂತೆ ಕಂಡು ಚಪ್ಪಾಳೆ ಹೆಚ್ಚಾಯಿತು. ಲೂಯೆಲಾ ಸುತ್ತಿಗೆ ಕುಟ್ಟಿ ಕಿಂಡಿಯ ಕಡೆ ತಿರುಗಿದಳು. ನೆಟ್ಟಿ ಏಪ್ರನ್ನಿನಲ್ಲಿ ಕೈ ಒರೆಸುತ್ತ ಬಂದಳು.

“ಹೆಸರು, ಬೀದಿ.”

“ನೆಟ್ಟಿ ಸ್ಟೆಬಿನ್ಸ್. ಅವನ ಬೀದಿನೇ, ಸದ್ಯಕ್ಕೆ.”

“ಈ ಮಾತು ಹೇಳಿದ್ದು ನೀನಾ?”

“ಹೌದು. ಹೋದ ವರ್ಷ, ಮಂಜುಗಡ್ಡೆ ಮಳೆ ಬಿದ್ದ ಭಾನುವಾರ. ಪಾತ್ರೆ ತೊಳೀತಾ ಹೇಳಿದ್ದು.”

“ಯಾರ ಮನೆ ಒಲೆ ವಿಷಯಕ್ಕೆ?” ಲೂಯೆಲಾ ಕೇಳಿದ್ದು ಬರೀ ರೂಢಿಯಿಂದ. ಎಲ್ಲ ವಿಷಯಕ್ಕೂ ಅವಳು ಬೀದಿ ಕೇಳುವವಳು.

ನೆಟ್ಟಿ ಗಂಡನ ಕಡೆ ತಿರುಗಿ “ಅದನ್ನ ಅವನೇ ಹೇಳ್ಬೇಕು,” ಅಂದಳು.

ಆರ್ಲೋ ತನ್ನ ಬೂಟುಗಳನ್ನು ನೋಡಿಕೊಂಡ. “ಆಲ್ಸಿಡ್ ಮನೇದು. ಹೋಗು ಅಂದಳು. ನಾನು ಹೋಗಲಿಲ್ಲ. ಪೇಪರ್ ಓದ್ತಾ ಕೂತಿದ್ದೆ.”

ಚಪ್ಪಾಳೆ ತಟ್ಟಿದ ಕೈಗಳು ತೊಡೆಯ ಮೇಲೆ ಇಳಿದವು. ಹಜಾರದಲ್ಲಿದ್ದ ಪ್ರತಿಯೊಬ್ಬರ ನೆಲಮಾಳಿಗೆಗೂ ಆರ್ಲೋ ಇಳಿದವನೇ. ಎಂಥ ಚಳಿಯಲ್ಲಿ ಕರೆದರೂ ಬಂದವನು ಎಂದು ಎಲ್ಲರೂ ಬಲ್ಲರು. ಅದಕ್ಕೇ ಆ ಮಾತನ್ನು ಎಲ್ಲಿಡಬೇಕೆಂದು ಯಾರಿಗೂ ತಿಳಿಯಲಿಲ್ಲ. ಒಬ್ಬೊಬ್ಬರೇ ತಿರುಗಿ ಬಾಸ್ಕೆಟ್‌ಬಾಲ್ ಬುಟ್ಟಿಯ ಕೆಳಗೆ ಕೂತಿದ್ದ ತಿಬೋನನ್ನು ನೋಡಿ, ನೋಡಿದ್ದಕ್ಕೆ ನಾಚಿ, ಮತ್ತೆ ಮುಂದೆ ತಿರುಗಿದರು.

ಇಂಥ ಹೊತ್ತಿನಲ್ಲಿ ಏನಾದರೂ ಮಾಡಲೇಬೇಕು ಅನ್ನುವವರು ಎಲ್ಲ ಊರಿನಲ್ಲೂ ಒಬ್ಬರಿರುತ್ತಾರೆ. ನಮ್ಮೂರಿನಲ್ಲಿ ಅದು ನಾನು. ಎದ್ದು ಹೆಸರು, ಬೀದಿ ಹೇಳಿ ತಿದ್ದುಪಡಿ ಸೂಚಿಸಿದೆ. ಕಲ್ಲು ಇರಲಿ, ಯಜಮಾನರ ಹೆಸರಿನ ಬದಲು ನೆಟ್ಟಿಯ ಹೆಸರು ಕೆತ್ತಿಸೋಣ.

“ಕೂತ್ಕೋ,” ಅಂದಳು ನೆಟ್ಟಿ. ಅಧ್ಯಕ್ಷೆಯ ಮೂಲಕ ಹೇಳಬೇಕೆಂಬ ನಿಯಮ ನೆನಪಾಗಿ ಲೂಯೆಲಾ ಕಡೆ ತಿರುಗಿದಳು. “ಅವನಿಗೆ ಕೂತ್ಕೋ ಅಂತ ಹೇಳಿ. ನನ್ನ ಗಂಡಂಗೆ ನಾನು ಬೈದದ್ದನ್ನ ಕಲ್ಲಲ್ಲಿ ಕೆತ್ತೋಕೆ ನಾನು ತೆರಿಗೆ ಕಟ್ಟಲ್ಲ. ಬೈದದ್ದು ಕೆಲಸಕ್ಕೆ ಬಂದಿದ್ರೆ ಆ ಮಾತು ಬೇರೆ.”

ಆಗ ತಿಬೋ ಎದ್ದ.

“ಆಲ್ಸಿಡ್ ತಿಬೋ, ಟ್ಯಾನರಿ ಬೀದಿ. ಮತಕ್ಕೆ ಹಾಕಿ ಅಧ್ಯಕ್ಷರೇ. ಬೀನ್ಸ್ ಆರ್ತಿದೆ.”

ಕಲ್ಲಿನ ಪರವಾಗಿ ಮತ ಚೀಟಿ ಎತ್ತಿದವರು ಒಬ್ಬರೂ ಇಲ್ಲ. ತಿದ್ದುಪಡಿ ಸೂಚಿಸಿದ ನಾನೂ ಎತ್ತಲಿಲ್ಲ. ಕಲ್ಲು ಬಿದ್ದುಹೋಯಿತು.

ಊಟದಲ್ಲಿ ಎಲ್ಲರೂ ಆರ್ಲೋ ಜತೆ ಒಳ್ಳೆಯದಾಗಿ ಮಾತಾಡಿದರು, ಅದೇ ಅವನಿಗೆ ತಡೆಯಲಾಗದಾಯಿತು. ಬೆನ್ನು ತಟ್ಟಿದರು, ಉಪ್ಪಿನಕಾಯಿ ಬೇಕಾ ಎಂದು ಕೇಳಿದರು. ತಟ್ಟೆ ಹಿಡಿದು ಅವನು ತಿಬೋ ಕೂತಿದ್ದ ಮೇಜಿಗೆ ಹೋಗಿ ನಿಂತ. ಜತೆಗಿರಲೆಂದು ನಾನೂ ನಿಂತೆ.

“ಆಲ್ಸಿಡ್, ನಿನ್ನ ಬಾಯ್ಲರನ್ನ ಒಂದು ಸಲ ಬಿಚ್ಚಿ, ತೊಳೆದು, ಸರಿ ಮಾಡಿಕೊಡ್ತೀನಿ. ಪ್ರತಿವರ್ಷ. ಬದುಕಿರೋವರೆಗೆ.”

ತಿಬೋ ಬ್ರೆಡ್ಡಿನಿಂದ ತಟ್ಟೆಯ ರಸ ಒರೆಸಿದ. “ಬಾಯ್ಲರ್ ತೆಗೆಸಿಬಿಟ್ಟೆ ಕಣೋ. ಮಗಳು ಕರೆಂಟಿಂದು ಹಾಕ್ಸಿದಾಳೆ. ಗೋಡೆ ಮೇಲೆ ಇರುತ್ತೆ, ಬೆಂಕಿನೇ ಇಲ್ಲ ಅದರಲ್ಲಿ. ಇನ್ನು ನಮ್ಮನೇಲಿ ನಿನಗೆ ಕೆಲಸ ಇಲ್ಲ.”

ಆರ್ಲೋ ತಲೆಯಾಡಿಸಿದ. ಕೊಡಬೇಕೆಂದು ಬಂದವನ ಕೈಯಲ್ಲಿ ಕೊಡುವುದು ಹಾಗೇ ಉಳಿಯಿತು. ತಟ್ಟೆಯ ಬೀನ್ಸು ಒಂದು ಕಡೆಗೆ ಜಾರುತ್ತಿತ್ತು.

“ಆ ಜಮಖಾನೆ...” ಅಂದ.

“ಅದರ ಮಾತು ಬೇಡ.” ತಿಬೋ ಮೊದಲ ಸಲ ಅವನ ಮುಖ ನೋಡಿದ. “ಬೆಂಕಿ ಬಾಬ್ತು ಮುಗೀತು. ಜಗಳ ಇದೆಯಲ್ಲ, ಅದು ಹಳಸಿಲ್ಲ ಇನ್ನೂ.”

ಮನೆಗೆ ಹೋಗುವಾಗ ಆರ್ಲೋ ಟ್ಯಾನರಿ ಬೀದಿಯ ತಿರುವಿನಲ್ಲಿ ನಿಂತು “ಹಿಂದಿನ ಓಣಿ ಬೇಡ, ಈ ಕಡೆಯಿಂದ ಹೋಗೋಣ,” ಅಂದ.

ಆ ಜುಲೈಗೆ ಕೋಟು ತೊಡುವುದಿಲ್ಲ ಎಂದು ಹಟ ಹಿಡಿದ. ಸಮಿತಿ ಬೇರೆಯವರಿಗೆ ತೊಡಿಸಿ ನೋಡಿತು. ನನಗೂ ತೊಡಿಸಿತು, ಗುಂಡಿ ಹೊಟ್ಟೆಯ ಮೇಲೆ ಸೇರಲಿಲ್ಲ. ಕೊನೆಗೆ ನೆಟ್ಟಿಯೇ ಅದನ್ನು ಬ್ರಷ್ ಮಾಡಿ ಕುರ್ಚಿಯ ಮೇಲೆ ಹಾಕಿದಳು. “ತಪ್ಪು ಮಾಡಿದ್ದು ಅದನ್ನ ತೊಟ್ಕೊಂಡು. ಹಾಕ್ಕೊಂಡು ಹೋಗು,” ಅಂದಳಷ್ಟೇ.

ಬಯಲಿನಲ್ಲಿ ಜನ ಎಂದಿನಷ್ಟೇ ಇದ್ದರು, ಸದ್ದು ಮಾತ್ರ ಎಂದಿನಂತಿರಲಿಲ್ಲ. ಮಾರಾಟವಾಗದ ಲೋಟಗಳನ್ನು ಗ್ರಂಥಾಲಯದವರು ಮೇಜಿನಡಿ ಸರಿಸಿದ್ದರು. ಕಾಕಂಬಿ ಮುಗಿಯಿತು. ಪ್ರಶ್ನೆ ಕೇಳುವ ಹೊತ್ತು ಬಂದಾಗ ಊರಿಗೆ ಊರೇ ತನ್ನ ಬೂಟು ನೋಡಿಕೊಂಡಿತು. ಮಕ್ಕಳ ಕೈಯನ್ನು ತಾಯಂದಿರು ಮೆಲ್ಲಗೆ ಕೆಳಗಿಳಿಸಿದರು. ಯಜಮಾನರ ಟೋಪನ್ನಿನ ಅಂಚಿನಿಂದ ಬೆವರು ಇಳಿಯುತ್ತಿತ್ತು.

“ನಾನು ಸಹಿ ಹಾಕಲಿಲ್ಲ ಯಾಕೆ ಎಂದು ಈ ವರ್ಷ ಯಾರೂ ಕೇಳುವುದಿಲ್ಲವೇ?” ಅಂದರು ಯಜಮಾನರು.

ಕುದುರೆಯ ಪಂಗಡದ ಮುದುಕಿಯೊಬ್ಬಳು ಆಗಲೇ ಕರವಸ್ತ್ರ ತೆಗೆದಿದ್ದಳು.

“ನಾನು ಕೇಳ್ತೀನಿ,” ಎಂದಿತು ಕೊನೆಯ ಸಾಲಿನ ಹಿಂದಿನಿಂದ ಒಂದು ದನಿ. ತಿಬೋ ಕುರ್ಚಿಯಲ್ಲಿ ಕೂತೇ ಇದ್ದ. “ಯಾಕೆ ಯಜಮಾನರೇ?”

ಆರ್ಲೋ ಕೋಲನ್ನು ಕುಟ್ಟಲಿಲ್ಲ. ಅದನ್ನು ಎರಡು ಕೈಯಲ್ಲೂ ಹಿಡಿದುಕೊಂಡ. ತಾನೇ ಹೆಸರಿಟ್ಟು ಸಾಕಿದ ಕುದುರೆ ಪಕ್ಕದಲ್ಲೇ ನಿಂತಿದೆಯೇನೋ ಎಂಬಂತೆ ಒಮ್ಮೆ ಆ ಕಡೆ ನೋಡಿದ.

“ಮರಸೇಬು,” ಅಂದ.

“ಎಷ್ಟು?”

“ಒಂದು ಬುಟ್ಟಿ.”

ಮೊದಲು ನಕ್ಕವನು ಬ್ಯಾಂಡಿನವನು, ಆಮೇಲೆ ಬಯಲೆಲ್ಲ. ಎರಡು ಪಂಗಡದವರೂ ನಕ್ಕರು. ಕರವಸ್ತ್ರದ ಮುದುಕಿ ಬಾಯಿಗೆ ಕರವಸ್ತ್ರ ಒತ್ತಿಕೊಂಡಳು. ತುತ್ತೂರಿ ತನ್ನ ಕೆಲಸ ಮಾಡಿತು. ಯಜಮಾನರ ಮುಖ ಕಿವಿಯವರೆಗೆ ಕೆಂಪಾಗಿತ್ತು. ಅಷ್ಟೂ ನಗು ಮುಗಿಯುವವರೆಗೆ ಅವರು ಅಲ್ಲಾಡದೆ ನಿಂತು ಅದನ್ನೆಲ್ಲ ಮೈಮೇಲೆ ಹಾಕಿಸಿಕೊಂಡರು.

ತಿಬೋ ನಗಲಿಲ್ಲ. ಎದ್ದು ಕುರ್ಚಿ ಮಡಚಿದ. ಈ ಸಲವೂ ಮನೆಗೆ ಹೊರಟ ಎಂದೇ ನಾನು ಅಂದುಕೊಂಡೆ. ಅವನು ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಸಾಲುಗಳ ನಡುವೆ ಮುಂದೆ ಬಂದು, ಎಲ್ಲರಿಗಿಂತ ಮುಂದೆ, ಕೋಲಿನಿಂದ ಒಂದು ಮಾರು ದೂರದಲ್ಲಿ ಬಿಡಿಸಿ ಹಾಕಿ ಕೂತ.

“ಹೂಂ, ಮುಂದೆ ಹೇಳಿ,” ಅಂದ.